ಒಂದಗುಳಿನ ಸಾಕ್ಷ್ಯ

ಅನ್ನ ಬೆಂದಿದೆಯೇ ಇಲ್ಲವೇ ಎಂಬುದನ್ನು ತಿಳಿಯಲು ಮನೆಯಾಕೆ ಇಡೀ ಪಾತ್ರೆಯನ್ನು ಬರಿದು ಮಾಡುವುದಿಲ್ಲ. ಸೌಟಿನ ತುದಿಯಲ್ಲಿ ಒಂದಗುಳನ್ನು ತೆಗೆದು ಬೆರಳಿನಲ್ಲಿ ಹಿಸುಕಿ ನೋಡುತ್ತಾಳೆ, ಅಷ್ಟೇ ಸಾಕು. ನಮ್ಮ ಶಾಸ್ತ್ರಕಾರರು ಇದನ್ನು ಸ್ಥಾಲೀಪುಲಾಕ ನ್ಯಾಯವೆಂದು ಕರೆದರು. ಸ್ಥಾಲಿ ಎಂದರೆ ಅಡುಗೆಯ ಪಾತ್ರೆ, ಪುಲಾಕವೆಂದರೆ ಅಗುಳು. ಒಂದರಿಂದ ಎಲ್ಲವನ್ನೂ ತಿಳಿಯುವ ಈ ಉಪಾಯ ಅಡುಗೆಮನೆಯಲ್ಲಿ ಸುಳ್ಳಾಗುವುದು ಅಪರೂಪ. ಏಕೆ ಸುಳ್ಳಾಗುವುದಿಲ್ಲ ಎಂಬುದನ್ನು ಮಾತ್ರ ನಾವು ಅಷ್ಟಾಗಿ ಯೋಚಿಸಿರುವುದಿಲ್ಲ. ಅಕ್ಕಿ ಒಂದೇ, ನೀರು ಒಂದೇ, ಉರಿ ಒಂದೇ, ಬೆಂದ ಹೊತ್ತೂ ಒಂದೇ. ಆದುದರಿಂದಲೇ ಒಂದಗುಳು ಉಳಿದ ಅಗುಳುಗಳ ಪರವಾಗಿ ಮಾತನಾಡಬಲ್ಲದು. ಹತ್ತು ಮನೆಗಳಿಂದ ಹತ್ತು ಬಗೆಯ ಅಕ್ಕಿಯನ್ನು ತಂದು ಹತ್ತು ಒಲೆಗಳ ಮೇಲಿಟ್ಟರೆ, ಒಂದು ಮಡಕೆಯ ಅಗುಳು ತನ್ನ ಮಡಕೆಯ ಸಂಗತಿಯನ್ನಷ್ಟೇ ಹೇಳೀತು.

ಆಟಿಸಂ ಎಂಬ ಸ್ಥಿತಿಯನ್ನು ಕುರಿತ ಸಂಶೋಧನೆಯ ಇತಿಹಾಸವನ್ನು ಓದುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಈ ನ್ಯಾಯ. ಕನ್ನಡದಲ್ಲಿ ಇದನ್ನು ಸ್ವಲೀನತೆ ಎಂದು ಕರೆಯುವ ರೂಢಿಯುಂಟು. ಪರರೊಡನೆ ಬೆರೆಯುವ ರೀತಿಯಲ್ಲಿ, ಮಾತಿನ ಬೆಳವಣಿಗೆಯಲ್ಲಿ, ಆಸಕ್ತಿಗಳಲ್ಲಿ ಮತ್ತು ಮರುಕಳಿಸುವ ಚರ್ಯೆಗಳಲ್ಲಿ ಇದು ಹುಟ್ಟಿನಿಂದಲೇ ಮೂಡಿಬರುವ ಭಿನ್ನತೆ. ಒಂದು ಮಗು ಮಾತೇ ಆಡದಿರಬಹುದು. ಇನ್ನೊಂದು ಮಗು ರೈಲುಗಳ ವೇಳಾಪಟ್ಟಿಯನ್ನು ಬಾಯಿಪಾಠವಾಗಿ ಒಪ್ಪಿಸಬಹುದು. ಇಬ್ಬರ ಸ್ಥಿತಿಗೂ ಹೆಸರು ಒಂದೇ. ಅಂದಮೇಲೆ ಇವರು ಒಂದೇ ಮಡಕೆಯ ಅಗುಳುಗಳಲ್ಲ. ಹೀಗಿದ್ದರೂ ಮೂರು ಮಕ್ಕಳನ್ನೋ ಹನ್ನೆರಡು ಮಕ್ಕಳನ್ನೋ ನೋಡಿ ಬರೆದ ವರದಿಗಳು, ಅಧ್ಯಯನದ ಕೊಠಡಿಯಿಂದ ಹೊರಬಿದ್ದ ಕೆಲವೇ ದಿನಗಳಲ್ಲಿ, ಲಕ್ಷಾಂತರ ಮಕ್ಕಳ ಪಾಲಿನ ತೀರ್ಪಾಗಿ ಮೊಳಗಿದ್ದುಂಟು. ಆ ಮೊಳಗಿನ ಬೆಲೆಯನ್ನು ತೆತ್ತವರು ವಿಜ್ಞಾನಿಗಳೂ ಅಲ್ಲ, ಪತ್ರಕರ್ತರೂ ಅಲ್ಲ, ತಂದೆತಾಯಿಗಳು.

ಮೊದಲಿನಿಂದಲೇ ನೋಡೋಣ. 1943ನೆಯ ಇಸವಿಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಒಂದು ಸುದೀರ್ಘ ಲೇಖನವನ್ನು ಪ್ರಕಟಿಸಿದರು. ಅವರು ವರ್ಣಿಸಿದ್ದು 11 ಮಕ್ಕಳನ್ನು: ಎಂಟು ಗಂಡು, ಮೂರು ಹೆಣ್ಣು. ಇಂದು ನಾವು ಆಟಿಸಂ ಎಂದು ಕರೆಯುವುದರ ಚಿತ್ರ ವೈದ್ಯಲೋಕಕ್ಕೆ ಸ್ಪಷ್ಟವಾದುದು ಮುಖ್ಯವಾಗಿ ಆ ಲೇಖನದಿಂದ. ಹನ್ನೊಂದು ಸಣ್ಣ ಸಂಖ್ಯೆ ಎಂದು ಯಾರಾದರೂ ಅದನ್ನು ಬದಿಗೆ ಸರಿಸಿದ್ದರೆ ದೊಡ್ಡ ನಷ್ಟವಾಗುತ್ತಿತ್ತು. ಕಣ್ಣಿಟ್ಟು ನೋಡಿ, ಕಂಡದ್ದನ್ನು ಕಂಡಂತೆ ಬರೆಯುವ ಕೆಲಸಕ್ಕೆ ಹನ್ನೊಂದು ಮಕ್ಕಳು ಧಾರಾಳವಾಗಿ ಸಾಕು.

ತೊಡಕು ಹುಟ್ಟಿದ್ದು ಮಕ್ಕಳ ವರ್ಣನೆಯಲ್ಲಲ್ಲ, ತಂದೆತಾಯಿಗಳ ವರ್ಣನೆಯಲ್ಲಿ. ಆ ಹನ್ನೊಂದು ತಂದೆಯರಲ್ಲಿ ನಾಲ್ವರು ಸ್ವತಃ ಮನೋವೈದ್ಯರು. ತಾಯಂದಿರಲ್ಲಿ ಇಬ್ಬರನ್ನುಳಿದು ಎಲ್ಲರೂ ಪದವೀಧರೆಯರು. ಆ ಕಾಲಕ್ಕೆ ಅದು ಸಾಮಾನ್ಯ ಸಂಗತಿಯಲ್ಲ. ಇವರು ಬಹಳ ಬುದ್ಧಿವಂತರು, ಆದರೆ ಮನದಾಳದಿಂದ ಪ್ರೀತಿ ತೋರುವವರು ಇವರಲ್ಲಿ ವಿರಳ ಎಂದು ಕ್ಯಾನರ್ ಗುರುತು ಹಾಕಿಕೊಂಡರು. ಮಕ್ಕಳ ಈ ಸ್ಥಿತಿ ಹುಟ್ಟಿನಿಂದ ಬಂದದ್ದೆಂದು ಅದೇ ಲೇಖನದ ಕೊನೆಯಲ್ಲಿ ಅವರೇ ಹೇಳಿದ್ದರೂ, ಲೋಕ ಹಿಡಿದುಕೊಂಡದ್ದು ತಂದೆತಾಯಿಗಳ ಮಾತನ್ನು. ವರ್ಷಗಳು ಕಳೆದಂತೆ ಕ್ಯಾನರ್ ಅವರ ಮಾತೂ ಆ ಕಡೆಗೇ ವಾಲಿತು. 1960ರಲ್ಲಿ ಟೈಮ್ ಪತ್ರಿಕೆ ಅವರ ಹೇಳಿಕೆಯೊಂದನ್ನು ಅಚ್ಚು ಮಾಡಿತು. ಒಂದು ಮಗುವನ್ನು ಹೆರುವಷ್ಟು ಹೊತ್ತು ಮಾತ್ರ ಹೆಪ್ಪು ಕರಗಿದ ತಂದೆತಾಯಿಗಳು ಇವರು ಎಂಬುದು ಅದರ ಭಾವ. ಜನಪ್ರಿಯ ಪತ್ರಿಕೆಗೆ ಇದಕ್ಕಿಂತ ರುಚಿಯಾದ ಮಾತು ಬೇಕೆ? ‘ರೆಫ್ರಿಜರೇಟರ್ ತಾಯಿ’ ಎಂಬ ಬಿರುದು ಮನೆಮಾತಾಯಿತು.

ಕ್ಯಾನರ್ ಅವರಲ್ಲಿಗೆ ಬಂದ ಮೊದಲ ಮಗು ಡೊನಾಲ್ಡ್ ಟ್ರಿಪ್ಲೆಟ್. ದೂರದ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನವನು. ಅವನನ್ನು ಕರೆತರುವ ಮುನ್ನ ಅವನ ತಂದೆ ವೈದ್ಯರಿಗೊಂದು ಪತ್ರ ಬರೆದರು; ಬೆರಳಚ್ಚಿನಲ್ಲಿ 33 ಪುಟ! ಮಗು ಏನು ತಿಂದಿತು, ಯಾವ ಹಾಡು ಹಾಡಿತು, ಯಾವ ವಸ್ತುವನ್ನು ಹೇಗೆ ತಿರುಗಿಸಿತು ಎಂಬುದೆಲ್ಲ ಅದರಲ್ಲಿತ್ತು. ವೈದ್ಯರಿಗೆ ಅದರಲ್ಲಿ ಕಂಡದ್ದು ತಂದೆಯ ಗೀಳು. ಮೂವತ್ತಮೂರು ಪುಟಗಳನ್ನು ಓದಿದ ಬೇರೆ ಯಾರಿಗಾದರೂ ಅದರಲ್ಲಿ ಪ್ರೀತಿ ಕಾಣುತ್ತಿರಲಿಲ್ಲವೆ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಸಂಖ್ಯಾಶಾಸ್ತ್ರವನ್ನು ಪಾಠ ಹೇಳುವವನ ಕಣ್ಣಿಗೆ ಇಲ್ಲಿ ಒಡನೆ ಕಾಣುವುದು ಮತ್ತೊಂದು ಸಂಗತಿ. 1940ರ ಸುಮಾರಿನಲ್ಲಿ ತಮ್ಮ ಮಗುವಿನಲ್ಲೇನೋ ವಿಶೇಷವಿದೆಯೆಂದು ಗುರುತಿಸಿ, ದೇಶದಲ್ಲೇ ಹೆಸರಾದ ಮನೋವೈದ್ಯರ ವಿಳಾಸವನ್ನು ಪತ್ತೆಹಚ್ಚಿ, ರೈಲುಖರ್ಚು ತೆತ್ತು ಬಾಲ್ಟಿಮೋರಿಗೆ ಬರಬಲ್ಲವರು ಯಾರು? ವಕೀಲರು, ಪ್ರಾಧ್ಯಾಪಕರು, ವೈದ್ಯರು. ಹತ್ತಿ ಬಿಡಿಸುವ ಕೂಲಿಯ ಮಗು ಊರಲ್ಲೇ ಉಳಿಯಿತು. ಪೆದ್ದನೆಂಬ ಹೆಸರು ಪಡೆಯಿತು. ಬಾಗಿಲು ದಾಟಿ ಒಳಬಂದವರನ್ನಷ್ಟೇ ಎಣಿಸಿದರೆ ಬಾಗಿಲಿನ ಅಳತೆ ತಿಳಿಯುತ್ತದೆಯೇ ಹೊರತು ಊರಿನ ಅಳತೆಯಲ್ಲ. ಲಂಡನ್ನಿನ ಲೋರ್ನಾ ವಿಂಗ್ 1980ರಲ್ಲಿ ಇದನ್ನು ಖಚಿತವಾಗಿ ತೋರಿಸಿಕೊಟ್ಟರು. ಕ್ಯಾಂಬರ್‌ವೆಲ್ ಎಂಬ ಬಡಾವಣೆಯಲ್ಲಿ ಮನೆಮನೆಯ ಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ, ಆಟಿಸಂ ಇದ್ದ ಮಕ್ಕಳ ತಂದೆಯರ ಸಾಮಾಜಿಕ ಸ್ಥಾನಕ್ಕೂ ಉಳಿದವರ ಸ್ಥಾನಕ್ಕೂ ಭೇದವೇ ಕಾಣಲಿಲ್ಲ. ವಿಶೇಷ ಚಿಕಿತ್ಸಾಲಯಕ್ಕೆ ಬಂದವರಲ್ಲಿ ಮತ್ತು ಸಂಘಕ್ಕೆ ಸೇರಿದವರಲ್ಲಿ ಮಾತ್ರ ಮೇಲ್ವರ್ಗದವರು ಹೆಚ್ಚಾಗಿದ್ದರು.

ಆದರೆ ಆ ಹೊತ್ತಿಗೆ ಎರಡು ತಲೆಮಾರಿನ ತಾಯಂದಿರು ಅಪರಾಧಿಗಳ ಸ್ಥಾನದಲ್ಲಿ ನಿಂತು ಆಗಿತ್ತು. 1967ರಲ್ಲಿ ಶಿಕಾಗೋದ ಬ್ರೂನೋ ಬೆಟಲ್‌ಹೈಮ್ ಬರೆದ ಗ್ರಂಥವೊಂದು ಈ ಆರೋಪವನ್ನು ಮನೆಮನೆಗೆ ಮುಟ್ಟಿಸಿತು. ಆ ದಪ್ಪ ಪುಸ್ತಕದ ಬೆನ್ನೆಲುಬು ಮೂರು ಮಕ್ಕಳ ಕಥೆ. 1969ರಲ್ಲಿ ತಂದೆತಾಯಿಗಳ ಸಂಘದ ಸಭೆಯಲ್ಲಿ ಕ್ಯಾನರ್ ಎದ್ದುನಿಂತು, ನಿಮ್ಮನ್ನು ನಾನು ದೋಷಮುಕ್ತರನ್ನಾಗಿ ಮಾಡುತ್ತೇನೆ ಎಂಬರ್ಥದ ಮಾತನ್ನಾಡಿದರು. ದೊಡ್ಡ ಮಾತೇ ಸರಿ. ಆದರೆ ಆರೋಪ ಹಬ್ಬಿದಷ್ಟು ದೂರ ಬಿಡುಗಡೆಯ ಸುದ್ದಿ ಹಬ್ಬಲಿಲ್ಲ.

ಹಾಗಾದರೆ ಸಣ್ಣ ಅಧ್ಯಯನವೆಂದರೆ ದೋಷವೇ? ಖಂಡಿತ ಅಲ್ಲ. ತಾಯಿಯ ಮೇಲಿನ ಈ ಆರೋಪವನ್ನು ಅಲುಗಿಸಿದ್ದೇ ಒಂದು ಪುಟ್ಟ ಅಧ್ಯಯನ. 1977ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೇಲ್ ರಟರ್ ಬ್ರಿಟನ್ನಿನ ಅವಳಿ ಮಕ್ಕಳನ್ನು ಹುಡುಕಿ ತೆಗೆದರು. ಅವಳಿಗಳಲ್ಲಿ ಒಬ್ಬರಿಗಾದರೂ ಆಟಿಸಂ ಇದ್ದ ಜೋಡಿಗಳು ಅವರಿಗೆ ಸಿಕ್ಕಿದ್ದು 21 ಮಾತ್ರ. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಆ ಸ್ಥಿತಿಯಿತ್ತು. ಬೇರೆ ಬೇರೆ ಅಂಡಗಳಿಂದ ಹುಟ್ಟಿದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಇದರಿಂದ ಆನುವಂಶಿಕತೆಯ ಪಾತ್ರ ಗೋಚರವಾಯಿತು. ಮುಂದಿನ ದೊಡ್ಡ ಅಧ್ಯಯನಗಳು ಅದನ್ನು ಎತ್ತಿಹಿಡಿದವು. ಇಲ್ಲಿ ಹೋಲಿಕೆಗೆ ಎರಡು ಗುಂಪುಗಳಿದ್ದುವು. ತಾನಾಗಿ ಬಾಗಿಲಿಗೆ ಬಂದವರನ್ನಷ್ಟೇ ನೆಚ್ಚದೆ ಹುಡುಕಿಕೊಂಡು ಹೋದ ಶ್ರಮವಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಇದನ್ನು ಓದಿ ನಾಳೆ ಬೆಳಿಗ್ಗೆ ಯಾವ ತಾಯಿಯೂ ಮಗುವಿಗೆ ಸೂಜಿ ಚುಚ್ಚಿಸಬೇಕಾಗಿರಲಿಲ್ಲ. ಸಣ್ಣ ಅಧ್ಯಯನವೆಂಬುದು ವಿಜ್ಞಾನಿ ತನ್ನ ಸಹೋದ್ಯೋಗಿಗಳ ಮುಂದಿಡುವ ಪ್ರಶ್ನೆ. ಅದನ್ನು ಉತ್ತರವೆಂದು ಸಂತೆಯಲ್ಲಿ ಸಾರಿದಾಗ ಕೇಡು ಮೊದಲಾಗುತ್ತದೆ.

ಇದಕ್ಕೆ ಸೆಕ್ರೆಟಿನ್ ಪ್ರಕರಣಕ್ಕಿಂತ ಒಳ್ಳೆಯ ದೃಷ್ಟಾಂತ ನನಗೆ ಗೊತ್ತಿಲ್ಲ. ನಮ್ಮಲ್ಲಿ ಇದು ಹೆಚ್ಚು ಮಂದಿಗೆ ತಿಳಿದಿಲ್ಲವಾದ್ದರಿಂದ ತುಸು ವಿವರವಾಗಿಯೇ ಹೇಳುತ್ತೇನೆ.

ಸೆಕ್ರೆಟಿನ್ ನಮ್ಮ ಸಣ್ಣ ಕರುಳಿನ ಗೋಡೆಯಲ್ಲಿ ಉತ್ಪತ್ತಿಯಾಗುವ ಹಾರ್ಮೋನು. 1902ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಅದನ್ನು ಕಂಡುಹಿಡಿದರು. ಹಾರ್ಮೋನು ಎಂಬ ಪದವೇ ಬಳಕೆಗೆ ಬಂದದ್ದು ಅನಂತರ, 1905ರಲ್ಲಿ. ಜಠರದ ಆಮ್ಲ ಕರುಳಿಗಿಳಿದಾಗ ಸೆಕ್ರೆಟಿನ್ ರಕ್ತಕ್ಕೆ ಸೇರಿ, ಕ್ಷಾರರಸವನ್ನು ಸುರಿಸುವಂತೆ ಮೇದೋಜೀರಕ ಗ್ರಂಥಿಗೆ ಆಜ್ಞೆ ಮಾಡುತ್ತದೆ. ಆ ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಲು ವೈದ್ಯರು ಹಂದಿಯ ಕರುಳಿನಿಂದ ತೆಗೆದ ಸೆಕ್ರೆಟಿನ್ನನ್ನು ರಕ್ತನಾಳದ ಮೂಲಕ ಕೊಡುತ್ತಿದ್ದರು. ಅದರ ಉಪಯೋಗ ಅಷ್ಟೇ.

1990ರ ದಶಕದ ನಡುವಿನಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ, ಹೊಟ್ಟೆಯ ತೊಂದರೆಯಿದ್ದ ಆಟಿಸಂನ ಮಗುವೊಂದಕ್ಕೆ ಈ ಪರೀಕ್ಷೆ ನಡೆಯಿತು. ಕೆಲವು ವಾರಗಳಲ್ಲಿ ಮಗು ಕಣ್ಣೆತ್ತಿ ನೋಡತೊಡಗಿತು, ಮಾತು ಹೆಚ್ಚಿತು ಎಂದು ಮನೆಯವರು ಕಂಡುಕೊಂಡರು. ಮತ್ತಿಬ್ಬರು ಮಕ್ಕಳಲ್ಲೂ ಹೀಗೆಯೇ ಆಯಿತು. 1998ರಲ್ಲಿ ಆ ವೈದ್ಯರು ಮೂರು ಮಕ್ಕಳ ವರದಿಯನ್ನು ಅಷ್ಟೇನೂ ಹೆಸರಿಲ್ಲದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಇಲ್ಲಿಯವರೆಗೆ ಯಾರದೂ ತಪ್ಪಿಲ್ಲ. ವಿಚಿತ್ರವಾದುದನ್ನು ಕಂಡ ವೈದ್ಯ ಅದನ್ನು ಬರೆದಿಡಬೇಕು.

ಅದೇ ವರ್ಷದ ಅಕ್ಟೋಬರಿನಲ್ಲಿ ಎನ್.ಬಿ.ಸಿ. ಟೆಲಿವಿಷನ್ ಸಂಸ್ಥೆಯ ‘ಡೇಟ್‌ಲೈನ್’ ಕಾರ್ಯಕ್ರಮ ಈ ಸುದ್ದಿಯನ್ನು ದೇಶಕ್ಕೆಲ್ಲ ತೋರಿಸಿತು. ಮರುದಿನದಿಂದಲೇ ಆಸ್ಪತ್ರೆಗಳ ದೂರವಾಣಿಗಳಿಗೆ ಬಿಡುವಿಲ್ಲ. ತಿಂಗಳುಗಳಲ್ಲಿ ಸಾವಿರಾರು ಮಕ್ಕಳಿಗೆ ಸೆಕ್ರೆಟಿನ್ ಏರಿಸಲಾಯಿತು. ಔಷಧ ಸಾಲದೆ ಬೆಲೆ ಗಗನಕ್ಕೇರಿತು. ಒಂದು ಸಲದ ಪರೀಕ್ಷೆಗೆಂದು ಒಪ್ಪಿಗೆ ಪಡೆದಿದ್ದ ಪದಾರ್ಥವನ್ನು ಮಕ್ಕಳಿಗೆ ಮತ್ತೆ ಮತ್ತೆ ಕೊಟ್ಟರೆ ಏನಾದೀತೆಂಬುದು ಯಾರಿಗೂ ತಿಳಿದಿರಲಿಲ್ಲ.

1999ರ ಡಿಸೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಆಡ್ರಿಯನ್ ಸ್ಯಾಂಡ್ಲರ್ ಮತ್ತು ಅವರ ಸಂಗಡಿಗರ ಪ್ರಯೋಗ ಪ್ರಕಟವಾಯಿತು. 60 ಮಕ್ಕಳು. ಚೀಟಿಯೆತ್ತಿದಂತೆ ಅವರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಸೆಕ್ರೆಟಿನ್, ಇನ್ನೊಂದು ಪಾಲಿಗೆ ಬರಿಯ ಲವಣಜಲ. ಯಾರಿಗೆ ಯಾವುದೆಂಬುದು ತಾಯಿಗೂ ಗೊತ್ತಿಲ್ಲ, ಮಗುವನ್ನು ಪರೀಕ್ಷಿಸುವವರಿಗೂ ಗೊತ್ತಿಲ್ಲ. ನಾಲ್ಕು ವಾರಗಳ ಬಳಿಕ ಲಕ್ಷಣಗಳನ್ನು ಅಳೆಯುವ ಒಂದು ಪಟ್ಟಿಯಲ್ಲಿ ಸೆಕ್ರೆಟಿನ್ ಪಡೆದವರ ತೊಂದರೆ ಸರಾಸರಿ 8.9 ಅಂಕದಷ್ಟು ಇಳಿದಿತ್ತು. ಆ ಸಂಖ್ಯೆಯೊಂದನ್ನೇ ಕೇಳಿದ್ದರೆ ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಉಪ್ಪುನೀರು ಪಡೆದವರ ತೊಂದರೆ ಇಳಿದದ್ದು 17.8 ಅಂಕ! ಇದರಿಂದ ಉಪ್ಪುನೀರೇ ಒಳ್ಳೆಯ ಮದ್ದು ಎಂದು ಹೇಳುವಂತಿಲ್ಲ; ಎರಡರ ಅಂತರ ಕೇವಲ ಆಕಸ್ಮಿಕವಾಗಿರಬಹುದಾದಷ್ಟು. ಸೆಕ್ರೆಟಿನ್ನಿಗೆ ಉಪ್ಪುನೀರಿಗಿಂತ ಹೆಚ್ಚಿನ ಗುಣವೇನೂ ಕಾಣಲಿಲ್ಲ ಎಂಬುದಷ್ಟೇ ನಿರ್ಣಯ. 2012ರ ಹೊತ್ತಿಗೆ ಇಂಥ 16 ಪ್ರಯೋಗಗಳು, 900ಕ್ಕೂ ಮೀರಿದ ಮಕ್ಕಳು; ಎಲ್ಲವನ್ನೂ ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಸಮೀಕ್ಷೆಯೂ ಸೆಕ್ರೆಟಿನ್ ಫಲಕಾರಿಯೆಂಬುದಕ್ಕೆ ಆಧಾರವಿಲ್ಲವೆಂದೇ ಹೇಳಿತು.

ಹಾಗಾದರೆ ಮೊದಲಿನ ಮೂವರು ಮಕ್ಕಳಲ್ಲಿ ಕಂಡದ್ದು ಸುಳ್ಳೆ? ಸುಳ್ಳಲ್ಲ. ಮಗುವೆಂದರೆ ಬೆಳೆಯುವ ಜೀವ. ಆಟಿಸಂ ಇರುವ ಮಗುವೂ ಬೆಳೆಯುತ್ತದೆ, ಆದರೆ ಒಂದೇ ಹದದಲ್ಲಿ ಅಲ್ಲ. ಆರು ತಿಂಗಳು ಮೌನ, ಒಂದು ವಾರದಲ್ಲಿ ನಾಲ್ಕು ಹೊಸ ಮಾತು. ತಂದೆತಾಯಿಗಳು ವೈದ್ಯರನ್ನು ಹುಡುಕುವುದು ಪರಿಸ್ಥಿತಿ ತೀರ ಹದಗೆಟ್ಟಾಗ. ಅಲ್ಲಿಂದ ಮುಂದಕ್ಕೆ, ಮದ್ದಿರಲಿ ಇಲ್ಲದಿರಲಿ, ಸಾಮಾನ್ಯವಾಗಿ ಸುಧಾರಣೆಯೇ. ಮದ್ದು ಕೊಟ್ಟ ಮೇಲೆ ಮಗುವನ್ನು ಹಿಂದೆಂದೂ ನೋಡದಷ್ಟು ಗಮನವಿಟ್ಟು ನೋಡುತ್ತೇವೆ. ಮೊದಲೂ ಇದ್ದ ನೋಟ ಈಗ ಕಣ್ಣಿಗೆ ಬೀಳುತ್ತದೆ. ಇದರೊಡನೆ ಒಂದು ಸಣ್ಣ ಲೆಕ್ಕ. ಯಾವ ಮದ್ದೂ ಇಲ್ಲದೆ ಒಂದು ತಿಂಗಳಲ್ಲಿ ಮಗು ಸುಧಾರಿಸಿದಂತೆ ತೋರುವ ಸಂಭವ ನಾಣ್ಯ ಚಿಮ್ಮಿದಷ್ಟೇ ಇದೆಯೆಂದು ಭಾವಿಸೋಣ. ಸಾವಿರ ವೈದ್ಯರು ತಲಾ ಮೂವರು ಮಕ್ಕಳನ್ನು ನೋಡಿದರೆ, 125 ವೈದ್ಯರಿಗೆ ಮೂವರೂ ಸುಧಾರಿಸಿದಂತೆ ಕಾಣುತ್ತದೆ. ಲೇಖನ ಬರೆಯುವವರು ಈ ನೂರಿಪ್ಪತ್ತೈದರೊಳಗಿನವರು. ಉಳಿದ 875 ಮಂದಿ ಏನೂ ಬರೆಯುವುದಿಲ್ಲ. ಬರೆದರೂ ಯಾವ ದೂರದರ್ಶನವೂ ಅವರನ್ನು ಕರೆಯುವುದಿಲ್ಲ.

ಸ್ಯಾಂಡ್ಲರ್ ಅವರ ವರದಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಒಂದು ಸಂಖ್ಯೆಯುಂಟು. ಪ್ರಯೋಗದ ಫಲಿತಾಂಶವನ್ನು ತಿಳಿಸಿ, ಇನ್ನೂ ಸೆಕ್ರೆಟಿನ್ ಬೇಕೆನಿಸುತ್ತದೆಯೇ ಎಂದು ಆ ತಂದೆತಾಯಿಗಳನ್ನೇ ಕೇಳಿದರು. ನೂರಕ್ಕೆ 69 ಮಂದಿ ಹೌದೆಂದರು. ಇವರು ಅವಿವೇಕಿಗಳೆಂದು ನಗುವುದು ಸುಲಭ. ಒಮ್ಮೆ ಕೊಟ್ಟ ಆಸೆಯನ್ನು ಅಂಕಿಗಳಿಂದ ಹಿಂದಕ್ಕೆ ಪಡೆಯಲಾಗದು ಎಂಬುದು ನನಗೆ ಇಲ್ಲಿ ತಿಳಿಯುವ ಅರ್ಥ. ಕೆಲವು ನಿಮಿಷಗಳ ದೂರದರ್ಶನ ಕಟ್ಟಿದ್ದನ್ನು ಹದಿನಾರು ಪ್ರಯೋಗಗಳು ಕೆಡವಬೇಕಾಯಿತು. ಆ ವರ್ಷಗಳ ಹಣ, ಶ್ರಮ, ಮಕ್ಕಳ ತೋಳಿನ ಸೂಜಿಗಾಯ, ಇವಕ್ಕೆ ಲೆಕ್ಕ ಇಟ್ಟವರಿಲ್ಲ.

ಲಸಿಕೆಯ ಪ್ರಕರಣ ಎಲ್ಲರೂ ಕೇಳಿದ್ದು. ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. 1998ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಆಂಡ್ರೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ 12 ಮಕ್ಕಳ ವರದಿಯನ್ನು ಪ್ರಕಟಿಸಿದರು. ದಡಾರ, ಮಂಗನಬಾವು ಮತ್ತು ರುಬೆಲ್ಲಾಗಳಿಗೆ ಒಟ್ಟಾಗಿ ಕೊಡುವ ಎಂ.ಎಂ.ಆರ್. ಲಸಿಕೆಯ ತರುವಾಯ ಲಕ್ಷಣಗಳು ತೋರಿದುವೆಂದು ಎಂಟು ಮಕ್ಕಳ ವಿಷಯದಲ್ಲಿ ಹೇಳಲಾಗಿತ್ತು. ಈ ಲಸಿಕೆಯನ್ನು ಕೊಡುವುದು ಒಂದು ವರ್ಷ ತುಂಬಿದ ಕೆಲವೇ ತಿಂಗಳಲ್ಲಿ. ಆಟಿಸಂನ ಲಕ್ಷಣಗಳು ಮನೆಯವರ ಗಮನಕ್ಕೆ ಬರುವುದೂ ಹೆಚ್ಚಾಗಿ ಎರಡನೆಯ ವರ್ಷದಲ್ಲೇ. ಕಾಗೆ ಕುಳಿತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಸರಿಹೋಯಿತು ಎನ್ನುವ ಕಾಕತಾಳೀಯ ನ್ಯಾಯಕ್ಕೆ ಇದಕ್ಕಿಂತ ಫಲವತ್ತಾದ ನೆಲವಿಲ್ಲ. ಲಸಿಕೆಗೂ ಈ ಸ್ಥಿತಿಗೂ ಸಂಬಂಧವನ್ನು ತಾವು ಸಿದ್ಧಪಡಿಸಿಲ್ಲವೆಂದು ಲೇಖನದಲ್ಲೇ ಬರೆದಿತ್ತು. ಆದರೆ ಲೇಖನದ ಪ್ರಕಟಣೆಗೆಂದು ಆಸ್ಪತ್ರೆ ಕರೆದ ಪತ್ರಿಕಾಗೋಷ್ಠಿಯಲ್ಲಿ ವೇಕ್‌ಫೀಲ್ಡ್, ಮೂರು ಲಸಿಕೆಗಳನ್ನು ಒಟ್ಟಿಗೆ ಕೊಡುವುದನ್ನು ನಿಲ್ಲಿಸಿ ಬಿಡಿಬಿಡಿಯಾಗಿ ಕೊಡಬೇಕೆಂದರು. ಅಚ್ಚಿನಲ್ಲಿ ಎಚ್ಚರಿಕೆ, ವೇದಿಕೆಯಲ್ಲಿ ಉಪದೇಶ. ಜನ ಕೇಳಿದ್ದು ಎರಡನೆಯದನ್ನು.

ಇಂಗ್ಲೆಂಡಿನಲ್ಲಿ ಎರಡು ವರ್ಷ ತುಂಬಿದ ಮಕ್ಕಳಲ್ಲಿ ಈ ಲಸಿಕೆ ಪಡೆದವರು 1990ರ ದಶಕದ ನಡುವಿನಲ್ಲಿ ನೂರಕ್ಕೆ ಸುಮಾರು 92. 2003-04ರ ಹೊತ್ತಿಗೆ ಸುಮಾರು 80. ದಡಾರ ಮರಳಿ ಬಂತು. 2006ರಲ್ಲಿ 13 ವರ್ಷದ ಹುಡುಗನೊಬ್ಬ ಅದರಿಂದ ತೀರಿಕೊಂಡ. 2002ರಲ್ಲಿ ಡೆನ್ಮಾರ್ಕಿನ ಸಂಶೋಧಕರು 5,37,303 ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ, ಲಸಿಕೆ ಪಡೆದವರಲ್ಲಿ ಆಟಿಸಂ ಹೆಚ್ಚಿಲ್ಲವೆಂದು ತೋರಿಸಿದ್ದರು. ವೇಕ್‌ಫೀಲ್ಡರ ನಡತೆ ಅಪ್ರಾಮಾಣಿಕವಾಗಿತ್ತೆಂದು ಬ್ರಿಟಿಷ್ ವೈದ್ಯ ಪರಿಷತ್ತು ತೀರ್ಮಾನಿಸಿತು. 2010ರಲ್ಲಿ ಲ್ಯಾನ್ಸೆಟ್ ಆ ಲೇಖನವನ್ನು ಹಿಂತೆಗೆದುಕೊಂಡಿತು, ವೈದ್ಯರ ಪಟ್ಟಿಯಿಂದ ಅವರ ಹೆಸರೂ ಹೋಯಿತು. ಅಪ್ರಾಮಾಣಿಕತೆಯನ್ನು ಕಂಡು ಎಲ್ಲರೂ ರೇಗಿದರು, ಸರಿಯೇ. ಆದರೆ ಅವರು ಪರಮ ಪ್ರಾಮಾಣಿಕರಾಗಿದ್ದರೂ ಹನ್ನೆರಡು ಮಕ್ಕಳ ಹೆಗಲು ಅಷ್ಟು ಭಾರವನ್ನು ಹೊರಲಾರದಾಗಿತ್ತು. ಇದನ್ನು 1998ರಲ್ಲೇ ಹೇಳಬಹುದಾಗಿತ್ತು.

ಹಳೆಯ ಕಥೆಗಳೆಂದು ಶ್ರೋತೃಗಳು ಭಾವಿಸಬಾರದು. 2025ರ ಸೆಪ್ಟೆಂಬರ್ 22ರಂದು ಅಮೆರಿಕದ ಶ್ವೇತಭವನದಲ್ಲಿ ಅಧ್ಯಕ್ಷರ ಸಮ್ಮುಖದಲ್ಲಿ ಲ್ಯೂಕೊವೊರಿನ್ ಎಂಬ ಔಷಧವನ್ನು ಆಟಿಸಂನ ಸಂದರ್ಭದಲ್ಲಿ ಘೋಷಿಸಲಾಯಿತು. ಅದರ ಪರವಾಗಿದ್ದ ಹೆಸರಾಂತ ಪ್ರಯೋಗವೊಂದರಲ್ಲಿದ್ದ ಮಕ್ಕಳು 48. ಆ ಪ್ರಯೋಗದಲ್ಲಿ ಹುಸಿಮದ್ದಿನ ಹೋಲಿಕೆಯಿತ್ತು, ಆದ್ದರಿಂದ ಅದನ್ನು ಸೆಕ್ರೆಟಿನ್ನಿನ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಮುಂದಿನ ದೊಡ್ಡ ಪ್ರಯೋಗಕ್ಕೆ ಅದು ಯೋಗ್ಯವಾದ ಪೀಠಿಕೆ. ಪೀಠಿಕೆಯನ್ನು ಅರಮನೆಯ ವೇದಿಕೆಯಿಂದ ಓದಬೇಕಾಗಿತ್ತೆ ಎಂಬುದು ಬೇರೆ ಮಾತು.

ನಮ್ಮ ದೇಶದ ವಿಷಯಕ್ಕೆ ಬಂದರೆ, ಸ್ಟೆಮ್ ಸೆಲ್ ಚಿಕಿತ್ಸೆಯಿಂದ ಆಟಿಸಂ ಗುಣವಾಗುವುದೆಂಬ ಜಾಹೀರಾತುಗಳನ್ನು ನೀವು ನೋಡಿರಬಹುದು. ಇದರ ಬೆಂಬಲಕ್ಕೆ ತೋರಿಸುವ ಅಧ್ಯಯನಗಳಲ್ಲಿ 2013ರಲ್ಲಿ ಮುಂಬಯಿಯಿಂದ ಪ್ರಕಟವಾದುದೂ ಒಂದು. ಅದರಲ್ಲಿದ್ದವರು 32 ಮಂದಿ. ಹೋಲಿಕೆಯ ಗುಂಪು ಇರಲಿಲ್ಲ. ಯಾರಿಗೆ ಏನು ಕೊಟ್ಟಿದೆಯೆಂಬುದು ಎಲ್ಲರಿಗೂ ಗೊತ್ತಿತ್ತು. ಸೆಕ್ರೆಟಿನ್ನಿನ ಮೂವರು ಮಕ್ಕಳ ವರದಿಗೂ ಇದಕ್ಕೂ ಸಂಖ್ಯೆಯ ಭೇದವಿದೆ, ಸಾಕ್ಷ್ಯದ ಜಾತಿ ಒಂದೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರ ತನ್ನ ಮಾರ್ಗದರ್ಶಿ ಸೂತ್ರಗಳಲ್ಲಿ, ರಕ್ತಸಂಬಂಧವಾದ ಕೆಲವು ರೋಗಗಳು ಮುಂತಾದುವನ್ನು ಬಿಟ್ಟು ಉಳಿದೆಡೆ ಇಂಥ ಚಿಕಿತ್ಸೆ ಪ್ರಯೋಗದ ಹಂತದಲ್ಲೇ ಇದೆಯೆಂದು ಸ್ಪಷ್ಟಪಡಿಸಿತು.

ಪತ್ರಿಕೆಗಳು ಸಣ್ಣ ಅಧ್ಯಯನಗಳನ್ನು ಮುಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ. ತಿಳಿಯುವ ಹಕ್ಕು ತಂದೆತಾಯಿಗಳಿಗೆ ಎಲ್ಲರಿಗಿಂತ ಮೊದಲು ಇದೆ. ನನ್ನ ಆಕ್ಷೇಪ ವಾಕ್ಯಗಳ ಜಾಗವನ್ನು ಕುರಿತದ್ದು. ಶೀರ್ಷಿಕೆಯಲ್ಲಿ ‘ಆಟಿಸಂಗೆ ಮದ್ದು’, ಹದಿನಾಲ್ಕನೆಯ ಸಾಲಿನಲ್ಲಿ ‘ಮೂರು ಮಕ್ಕಳು’ ಎಂದು ಬರೆದರೆ ಸುಳ್ಳು ಬರೆದಂತಾಗುವುದಿಲ್ಲ, ಓದಿದವರು ಮಾತ್ರ ಸುಳ್ಳನ್ನೇ ತಿಳಿದಂತಾಗುತ್ತದೆ. ‘ಮೂವರು ಮಕ್ಕಳಲ್ಲಿ ವೈದ್ಯರು ಕಂಡದ್ದು’ ಎಂದೇ ಶೀರ್ಷಿಕೆ ಕೊಟ್ಟರೆ ಪತ್ರಿಕೆಯ ಪ್ರತಿಗಳು ಕೆಲವು ಕಡಿಮೆ ಖರ್ಚಾದಾವು. ಆಗಲಿ.

ವಿಜ್ಞಾನ ನಿಧಾನವಾಗಿ ನಡೆಯಲಿ, ನನ್ನ ಮಗು ಕಾಯಲಾರದು ಎಂದು ತಾಯಿಯೊಬ್ಬಳು ಹೇಳಿದರೆ ಅದಕ್ಕೆ ಎದುರಾಡುವ ಧೈರ್ಯ ನನಗಿಲ್ಲ. ಆದರೆ ಅವಳ ಪರವಾಗಿಯೇ ಕೇಳಬಹುದಾದ ಪ್ರಶ್ನೆಗಳಿವೆ. ಎಷ್ಟು ಮಕ್ಕಳನ್ನು ನೋಡಿದ್ದೀರಿ, ಬರಿಯ ನೀರು ಪಡೆದ ಮಕ್ಕಳು ಏನಾದರು, ಅಳತೆ ಮಾಡಿದವರಿಗೆ ಯಾರಿಗೆ ಏನು ಕೊಟ್ಟದ್ದೆಂದು ಗೊತ್ತಿತ್ತೆ ಎಂದು ವೈದ್ಯರನ್ನು ಕೇಳಲು ವೈದ್ಯಶಾಸ್ತ್ರ ಓದಿರಬೇಕಾಗಿಲ್ಲ. ಕೌಂಟರಿನಲ್ಲಿ ಹಣ ಕಟ್ಟುವುದಕ್ಕೆ ಮುನ್ನ ಇನ್ನೊಂದನ್ನೂ ವಿಚಾರಿಸಬಹುದು: ಇದು ಸಿದ್ಧವಾದ ಚಿಕಿತ್ಸೆಯೋ, ಪ್ರಯೋಗವೋ? ಪ್ರಯೋಗವೆಂದು ಉತ್ತರ ಬಂದರೆ ಅದಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಇರಬೇಕು, ಪ್ರಯೋಗದ ಸಾರ್ವಜನಿಕ ನೋಂದಣಿಯಲ್ಲಿ ಅದರ ಹೆಸರಿರಬೇಕು. ಆ ಕಾಗದಗಳನ್ನು ತೋರಿಸಿರೆಂದು ಕೇಳುವುದಕ್ಕೆ ತಂದೆತಾಯಿಗಳು ಸಂಕೋಚಪಡಬೇಕಾಗಿಲ್ಲ.